‘ಫುಲ್ ಸನ್’ ಚೀಟಿಯ ಹತ್ತು ಗಿಡಗಳು: ಎಂಟು ತಿಂಗಳಾದ ಮೇಲೆ

ಬಿಸಿಲು ತಾಳುವ ಹತ್ತು ಹೂಗಿಡ ಅಂತ ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ತರಿಸಿದ್ದೆ. ಎಂಟು ತಿಂಗಳಾಯಿತು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆದಿದೆ. ಗಿಡ ಬಂದ ದಿನವೇ ಐದು ಸ್ಟಾರ್ ಕೊಡುವವರು ಏನು ನೋಡಿ ಕೊಡುತ್ತಾರೋ ಗೊತ್ತಿಲ್ಲ. ಅವತ್ತು ಎಲ್ಲ ಗಿಡವೂ ಚೆನ್ನಾಗೇ ಇರುತ್ತದೆ ಅಲ್ವಾ?

ಪ್ಯಾಕಿಂಗ್‌ಗೆ ಪೂರ್ತಿ ಮಾರ್ಕ್ಸ್. ಬೇರಿನ ಮಣ್ಣು ಒಡೆದಿರಲಿಲ್ಲ, ಒಂದು ರೆಂಬೆಯೂ ಮುರಿದಿರಲಿಲ್ಲ. ಆದರೆ ನಾಲ್ಕು ದಿನ ಕತ್ತಲಲ್ಲಿ ಕೂತು ಬಂದ ಗಿಡವನ್ನು ಒಂದು ವಾರ ನೆರಳಲ್ಲಿಟ್ಟು, ಆಮೇಲೆ ಬೆಳಗಿನ ಬಿಸಿಲು ತೋರಿಸಿ, ಹಂಗೇ ಮೆಲ್ಲಗೆ ಬಯಲಿಗೆ ತರಬೇಕು. ಚೀಟಿಯಲ್ಲಿ ಈ ಮಾತೇ ಇಲ್ಲ. ಹತ್ತಕ್ಕೂ ಒಂದೇ ಚೀಟಿ: ‘ಫುಲ್ ಸನ್, ದಿನಾ ನೀರು’.

ನನ್ನ ತಕರಾರು ಇರುವುದೇ ಈ ಚೀಟಿಯ ಮೇಲೆ. ಫುಲ್ ಸನ್ ಅಂದರೆ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ನೇರ ಬಿಸಿಲು. ಸರಿ, ಯಾವ 6 ಗಂಟೆ? ತಂಪು ಸೀಮೆಯಲ್ಲಿ ಈ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಬಿಸಿ ಊರಿನಲ್ಲಿ ಬೆಳಗಿನ ಬಿಸಿಲೇ ಬೇರೆ, ಮಧ್ಯಾಹ್ನ ಎರಡರ ಬಿಸಿಲೇ ಬೇರೆ, ಅದರಲ್ಲೂ ಪಡುವಣ ಗೋಡೆ ಪಕ್ಕ ಇಟ್ಟ ಕುಂಡಕ್ಕೆ ಸೂರ್ಯ ಮುಳುಗಿದ ಮೇಲೂ ಗೋಡೆಯ ಕಾವು ತಪ್ಪುವುದಿಲ್ಲ.

ಹತ್ತರಲ್ಲಿ ಏಳು ಗಿಡ ಇಂಥ ಬಿಸಿಲಿಗೇ ಹುಟ್ಟಿದಂಥವು: ಕಾಗದದ ಹೂ, ದಾಸವಾಳ, ಇಕ್ಸೋರಾ, ಅಡೇನಿಯಂ, ಟೇಬಲ್ ರೋಸ್, ನಿತ್ಯಪುಷ್ಪ, ದೇವಕಣಗಿಲೆ. ಉಳಿದ ಮೂರು ಲ್ಯಾವೆಂಡರ್, ಜೆರೇನಿಯಂ, ಪೆಟೂನಿಯಾ. ಈ ಮೂರನ್ನು ಯಾಕೆ ಸೇರಿಸಿದರೋ, ಫೋಟೋ ಚೆನ್ನಾಗಿ ಬರಲಿ ಅಂತಲೇ ಇರಬೇಕು. ಲ್ಯಾವೆಂಡರ್ ಒಣ ಬಿಸಿಲು ತಡೆಯುತ್ತದೆ, ಸೆಕೆ ಮತ್ತು ಒದ್ದೆ ಬೇರು ತಡೆಯುವುದಿಲ್ಲ. ನಾನೋ ಚೀಟಿ ನಂಬಿ ದಿನಾ ನೀರು ಹಾಕಿದೆ. ಐದೇ ವಾರ. ಪೆಟೂನಿಯಾ ಸೊರಗಿ ಉದ್ದಕ್ಕೆ ಎಳೆದುಕೊಂಡು ಹೋಗಿ ಅದೂ ಸತ್ತಿತು. ಜೆರೇನಿಯಂ ಅನ್ನು ಮೂಡಣ ಕಡೆಗೆ ಸರಿಸಿದ್ದಕ್ಕೆ ಬದುಕಿದೆ, ಹೂವಿಲ್ಲ.

ಇನ್ನು ಜೊತೆಗೆ ಕೊಟ್ಟ ಕಪ್ಪು ಪ್ಲಾಸ್ಟಿಕ್ ಕುಂಡಗಳು. ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತಿತ್ತು. ಅನುಮಾನ ಬಂದು ಅಂಚಿನ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿದೆ, 46 ಡಿಗ್ರಿ! 40ರ ಹತ್ತಿರ ಬಂದರೇ ಹೆಚ್ಚಿನ ಗಿಡಗಳ ಬೇರು ಕೆಲಸ ನಿಲ್ಲಿಸುತ್ತದೆ. ಮಣ್ಣು ಒದ್ದೆಯಿದ್ದೂ ಮಧ್ಯಾಹ್ನ ಎಲೆ ಜೋತು ಬೀಳುತ್ತಿದ್ದದ್ದು ಇದಕ್ಕೇ, ನಾನು ಬಾಯಾರಿಕೆ ಅಂದುಕೊಂಡು ಇನ್ನಷ್ಟು ನೀರು ಸುರಿಯುತ್ತಿದ್ದೆ. ಈಗ ಎಲ್ಲ ಮಣ್ಣಿನ ಕುಂಡದಲ್ಲಿವೆ. ಮಣ್ಣಿನದು ಬೆವರುತ್ತದೆ, ಅದಕ್ಕೇ ತಂಪು. ಬೇಗ ಒಣಗುತ್ತದೆ, ಅದೊಂದು ಕೆಲಸ ಜಾಸ್ತಿ.

ಬಂದಾಗ ಕುಂಡದೊಳಗೆ ಇದ್ದದ್ದು ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಮೇಲೆ ಒಣಗಿದಂತೆ ಕಾಣುತ್ತದೆ, ಬೆರಳು ಇಳಿಸಿದರೆ ಒಳಗೆಲ್ಲ ಪಸೆ. ಅಡೇನಿಯಂನ ಬುಡ ಮೆತ್ತಗಾಯಿತು. ಕಿತ್ತು, ಕೊಳೆತದ್ದನ್ನು ಕತ್ತರಿಸಿ, ವಾರ ಒಣಗಿಸಿ, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಹಾಕಿ ನೆಟ್ಟೆ. ಉಳಿಯಿತು, ನನಗೇ ಆಶ್ಚರ್ಯ.

ಕಾಗದದ ಹೂ ಮೂರು ತಿಂಗಳು ಬರೀ ಎಲೆ ಬಿಟ್ಟಿತು. ಸಿಟ್ಟಿಗೆ ನೀರು ಕಮ್ಮಿ ಮಾಡಿದೆ, ಎಲೆ ಬಾಡುವವರೆಗೂ ಕಾಯಿಸಿದೆ. ಆಗ ಬಿಟ್ಟಿತು ನೋಡಿ, ಎಲೆಯೇ ಕಾಣದಷ್ಟು. ಇಕ್ಸೋರಾ ಎಲೆ ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗಿತ್ತು. ನಮ್ಮ ಗಡಸು ನೀರಿನ ಕಾಟ ಅದು, ಇಕ್ಸೋರಾಗೆ ಹುಳಿ ಮಣ್ಣು ಬೇಕು, ಇಲ್ಲದಿದ್ದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಹೀರಿಕೊಳ್ಳಲಾಗದು. ಮಳೆ ನೀರು ಬಿದ್ದ ಮೇಲೆ ಬಂದ ಚಿಗುರು ಹಸಿರಾಗಿಯೇ ಇದೆ. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದಿತ್ತು, ಪೈಪಿನಿಂದ ಜೋರಾಗಿ ನೀರು ಹೊಡೆದು ಓಡಿಸಿದೆ. ಟೇಬಲ್ ರೋಸ್, ದೇವಕಣಗಿಲೆ ಬಗ್ಗೆ ಹೇಳುವುದೇನೂ ಇಲ್ಲ, ಸುಮ್ನೆ ಬೆಳೆದವು.

ಸತ್ತ ಎರಡು ಗಿಡಗಳ ಬಗ್ಗೆ ಬರೆದಾಗ, ಏಳು ದಿನದೊಳಗೆ ಫೋಟೋ ಕಳಿಸಬೇಕಿತ್ತು ಅಂತ ಉತ್ತರ ಬಂತು. ಏಳು ದಿನದಲ್ಲಿ ಯಾವ ಗಿಡ ಸಾಯುತ್ತದೆ ಸ್ವಾಮಿ?

ಮೂರು ಸ್ಟಾರ್ ಕೊಡುತ್ತೇನೆ, ಪೆಟ್ಟಿಗೆ ಮತ್ತೆ ತರಿಸುವುದಿಲ್ಲ. ಆ ಏಳನ್ನು ಬಿಡಿಬಿಡಿಯಾಗಿ ತಗೊಳ್ಳಿ. ಲ್ಯಾವೆಂಡರ್ ಇದ್ದ ಕುಂಡ ಎಸೆದಿರಲಿಲ್ಲ, ಪಕ್ಕದ ನಿತ್ಯಪುಷ್ಪದ ಬೀಜ ಅದರಲ್ಲಿ ಬಿದ್ದು ನಾಲ್ಕು ಸಸಿ ಎದ್ದಿವೆ.