ಇಪ್ಪತ್ತೇಳು ವರ್ಷಗಳ ಕುಲಪತಿ, ನಾಲ್ಕು ಹಳೆಯ ಕಟ್ಟುಗಳು ಮತ್ತು ರಥಬೀದಿಯ ಬೈಂಡಿಂಗ್ ಅಂಗಡಿ

ಮಂಗಳೂರಿನ ರಥಬೀದಿಯಿಂದ ಒಳಕ್ಕೆ ಹೋಗುವ ಓಣಿಯೊಂದರಲ್ಲಿ, ಎರಡು ಬಾಗಿಲುಗಳ ಅಗಲವೂ ಇಲ್ಲದ ಒಂದು ಪುಸ್ತಕ ಬೈಂಡಿಂಗ್ ಅಂಗಡಿಯಿದೆ. ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಕಪಾಟಿನೊಳಗೆ ಬೂಷ್ಟು ಹಿಡಿದು, ತಂದೆಯವರು ಜೋಪಾನ ಮಾಡಿ ಇಟ್ಟಿದ್ದ ಹಳೆಯ ಕಟ್ಟುಗಳು ಹಾಳಾಗುವ ಸ್ಥಿತಿಗೆ ಬಂದಾಗ, ಅವುಗಳಲ್ಲಿ ನಾಲ್ಕನ್ನು ನಾನು ಅಲ್ಲಿಗೆ ಒಯ್ದೆ. ಬಂದ ಕೆಲಸವನ್ನೇ ಮುಗಿಸಲು ಕೈ ಸಾಲದಿರುವುದರಿಂದ ಹೆಸರು ಹಾಕಬೇಡಿ ಎಂದು ಮಾಲೀಕರು ಕೇಳಿಕೊಂಡಿದ್ದಾರೆ. ಹಾಗಾಗಿ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿಕೊಟ್ಟ ಕೆಲಸದ ಗುಣದೋಷಗಳನ್ನು ಮಾತ್ರ ಬರೆಯುತ್ತೇನೆ.

ನಾಲ್ಕು ವಸ್ತುಗಳು ಇವು: 1951ರಲ್ಲಿ ತಂದೆಯವರು ಪಡೆದ ಮದ್ರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಪ್ರಮಾಣಪತ್ರ, 1953ರ ಮಾಧ್ಯಮಿಕ ಶಿಕ್ಷಣ ಆಯೋಗದ ವರದಿ, ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದ ನನ್ನ ಸೋದರತ್ತೆ ಬಳಸುತ್ತಿದ್ದ ಪ್ರಸೂತಿಶಾಸ್ತ್ರದ ಪಠ್ಯಪುಸ್ತಕ, 1967ರಲ್ಲಿ ಪ್ರಕಟವಾದ ತುಳು-ಇಂಗ್ಲಿಷ್ ನಿಘಂಟು. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಾಗಲೇ ನನಗೆ ಹೊಳೆದದ್ದೇನೆಂದರೆ, ಇವೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಒಬ್ಬರೇ ವ್ಯಕ್ತಿಗೆ ಸೇರಿದವು. ಅವರು 1942ರಿಂದ 1969ರವರೆಗೆ, ಅಂದರೆ ಇಪ್ಪತ್ತೇಳು ವರ್ಷಗಳ ಕಾಲ, ಮದ್ರಾಸು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರು.

ನಮ್ಮ ಜಿಲ್ಲೆಯ ಇಂದಿನ ತಲೆಮಾರಿಗೆ ಈ ಹೆಸರು ಅಪರಿಚಿತವಾಗಿರಬಹುದು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದ್ರಾಸು ರಾಜ್ಯದಲ್ಲಿತ್ತು. ಮಂಗಳೂರಿನ ಸರಕಾರಿ ಕಾಲೇಜು, ಸಂತ ಅಲೋಶಿಯಸ್, ಸಂತ ಆಗ್ನೆಸ್, 1949ರಲ್ಲಿ ಆರಂಭವಾದ ಉಡುಪಿಯ ಎಂ.ಜಿ.ಎಂ. ಕಾಲೇಜುಗಳೆಲ್ಲ ಆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಒಳಪಟ್ಟಿದ್ದವು. ಆದುದರಿಂದ 1942ರಿಂದ ಸುಮಾರು ಹದಿನಾಲ್ಕು ವರ್ಷಗಳ ಕಾಲ ನಮ್ಮ ಊರಿನ ಕಾಲೇಜುಗಳಿಂದ ಹೊರಬಂದ ಪದವೀಧರರೆಲ್ಲರಿಗೂ ಇವರೇ ಕುಲಪತಿ. 1887ರಲ್ಲಿ ಕರ್ನೂಲಿನಲ್ಲಿ ಅವಳಿ ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದ ಅವರು ವೃತ್ತಿಯಿಂದ ಪ್ರಸೂತಿ ವೈದ್ಯರು. 1939ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಪ್ರಾಂಶುಪಾಲರಾದ ಮೊದಲ ಭಾರತೀಯರು. ಅವಳಿ ಸಹೋದರ ರಾಮಸ್ವಾಮಿ ಮುದಲಿಯಾರರು 1946ರಿಂದ 1949ರವರೆಗೆ ಮೈಸೂರಿನ ದಿವಾನರಾಗಿದ್ದವರು. ಹೀಗೆ ಕನ್ನಡ ನಾಡಿನ ಎರಡು ಭಾಗಗಳು ಬೇರೆ ಬೇರೆಯಾಗಿದ್ದ ಕಾಲದಲ್ಲಿ, ಒಂದು ಭಾಗದ ಆಡಳಿತವನ್ನು ಒಬ್ಬ ಸಹೋದರರೂ ಇನ್ನೊಂದು ಭಾಗದ ಉನ್ನತ ಶಿಕ್ಷಣವನ್ನು ಮತ್ತೊಬ್ಬರೂ ನೋಡಿಕೊಳ್ಳುತ್ತಿದ್ದರು.

ಪ್ರಮಾಣಪತ್ರದ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅಂಗಡಿಯ ಮೇಲೆ ನನಗೆ ವಿಶ್ವಾಸ ಹುಟ್ಟಿದ್ದು ಅದರಿಂದಲೇ. ಮಡಿಕೆಯಲ್ಲಿ ಸೀಳಿದ ಆ ಹಾಳೆಯನ್ನು ಲ್ಯಾಮಿನೇಷನ್ ಮಾಡಿಕೊಡಿ ಎಂದು ನಾನು ಕೇಳಿದೆ. ಮಾಲೀಕರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಬೇಡ ಅಕ್ಕ, ಬಿಸಿ ಪ್ಲಾಸ್ಟಿಕ್ ಒಮ್ಮೆ ಹಿಡಿದ್ರೆ ಮತ್ತೆ ಬಿಡಿಸ್ಲಿಕ್ಕೆ ಆಗೋದಿಲ್ಲ, ಸಹಿಯ ಶಾಯಿ ಹೋಗ್ತದೆ" ಎಂದು ಖಂಡಿತವಾಗಿ ನಿರಾಕರಿಸಿದರು. ಹಣ ಬರುವ ಕೆಲಸವನ್ನು ಬೇಡವೆನ್ನುವ ಅಂಗಡಿಗಳು ಕಡಿಮೆ. ಹಲವು ವರ್ಷಗಳ ಹಿಂದೆ ಬೇರೆಲ್ಲೋ ಲ್ಯಾಮಿನೇಷನ್ ಮಾಡಿಸಿದ ತಂದೆಯವರ ಇಂಟರ್‌ಮೀಡಿಯೆಟ್ ಅಂಕಪಟ್ಟಿ ಇಂದು ಗುಳ್ಳೆಯೆದ್ದು, ಅಕ್ಷರಗಳು ಕಾಣದಂತೆ ಹಳದಿಯಾಗಿರುವುದನ್ನು ಕಂಡವಳಾದ್ದರಿಂದ ಈ ನಿರಾಕರಣೆಯ ಬೆಲೆ ನನಗೆ ಗೊತ್ತು. ಅವರು ಸೀಳಿದ ಕಡೆ ಹಿಂಬದಿಯಿಂದ ತೆಳುವಾದ ಕಾಗದದ ಪಟ್ಟಿ ಅಂಟಿಸಿ, ದಪ್ಪ ರಟ್ಟಿನ ಮೇಲೆ ನಾಲ್ಕು ಮೂಲೆಗಳಿಗೂ ಕಾಗದದ ತ್ರಿಕೋನಗಳನ್ನು ಕೂರಿಸಿ, ಪತ್ರವನ್ನು ಅವುಗಳೊಳಗೆ ಸಿಕ್ಕಿಸಿದರು. ಬೇಕೆಂದಾಗ ಹೊರತೆಗೆಯಬಹುದು. ಕುಲಪತಿಯ ಸಹಿ ಮಸುಕಾಗಿದ್ದರೂ ಒಂದು ಗೆರೆಯೂ ನಷ್ಟವಾಗಿಲ್ಲ.

ಅತ್ತೆಯ ಪಠ್ಯಪುಸ್ತಕವು ನಾಲ್ಕರಲ್ಲಿ ಅತ್ಯಂತ ಕೆಟ್ಟ ಸ್ಥಿತಿಯಲ್ಲಿತ್ತು. ಮುದಲಿಯಾರರು ಬರೆದ, 1938ರಲ್ಲಿ ಮೊದಲು ಪ್ರಕಟವಾದ, ಮುಂದೆ ಡಾ. ಕೃಷ್ಣ ಮೆನನ್ ಅವರ ಹೆಸರೂ ಸೇರಿ ಹಲವು ಪರಿಷ್ಕೃತ ಆವೃತ್ತಿಗಳನ್ನು ಕಂಡ ಈ ಗ್ರಂಥವನ್ನು ನಮ್ಮ ದೇಶದ ವೈದ್ಯ ವಿದ್ಯಾರ್ಥಿಗಳು ಹಲವು ತಲೆಮಾರುಗಳಿಂದ ಓದುತ್ತ ಬಂದಿದ್ದಾರೆ. ವೈದ್ಯರೊಬ್ಬರು ಹೊಸ ಆವೃತ್ತಿ ಕೊಂಡಾಗ ಹಳೆಯದನ್ನು ಅತ್ತೆಗೆ ಕೊಟ್ಟಿದ್ದರಂತೆ. ಅದರ ಬೆನ್ನು ಪೂರ್ಣವಾಗಿ ಕಳಚಿತ್ತು, ಮೊದಲ ಎರಡು ಫಾರಂಗಳು (ಮಡಿಸಿ ಒಟ್ಟಾಗಿ ಹೊಲಿಯುವ ಹಾಳೆಗಳ ಕಂತೆಗಳು) ಬಿಡಿ ಹಾಳೆಗಳಾಗಿದ್ದವು, ಕೆಳಗಿನ ಮೂಲೆಯನ್ನು ಒರಲೆ ತಿಂದಿತ್ತು. ಇದನ್ನು ಅಂಟು ಹಾಕಿ ಜೋಡಿಸಲು ಅವರು ಒಪ್ಪಲಿಲ್ಲ. "ಗಮ್ ಹಾಕಿದ್ರೆ ಎರಡು ಮಳೆಗಾಲ ಬರ್ತದೆ, ದಾರವೇ ಆಗ್ಬೇಕು" ಎಂದರು.

ಆ ಹೊಲಿಗೆಯನ್ನು ನಾನು ಅರ್ಧ ಗಂಟೆ ಪಕ್ಕದ ಸ್ಟೂಲಿನಲ್ಲಿ ಕುಳಿತು ನೋಡಿದೆ. ಹಳೆಯ ಅಂಟನ್ನು ಒದ್ದೆ ಬಟ್ಟೆಯಿಂದ ಮೆದು ಮಾಡಿ ಕೆರೆದು ತೆಗೆದು, ಪ್ರತಿಯೊಂದು ಫಾರಮನ್ನೂ ಬೇರ್ಪಡಿಸಿ, ಹರಿದ ಮಡಿಕೆಗಳಿಗೆ ಒಳಗಿನಿಂದ ಕಾಗದದ ಪಟ್ಟಿ ಕೊಟ್ಟು, ಆಮೇಲೆ ಒಂದೊಂದನ್ನೇ ಚೌಕಟ್ಟಿಗೆ ಬಿಗಿದ ಮೂರು ಲಾಡಿಗಳ ಸುತ್ತ ದಾರ ಸುತ್ತಿ ಹೊಲಿಯುತ್ತಾರೆ. ಒಂದು ಫಾರಮಿನ ತುದಿಗೆ ಬಂದ ಸೂಜಿ ಕೆಳಗಿನ ಫಾರಮಿನ ಹೊಲಿಗೆಯೊಳಗೆ ನುಸುಳಿ ಗಂಟಾಗಿ ಮೇಲಕ್ಕೆ ಹೋಗುತ್ತದೆ. ಅಂಟನ್ನು ಅಂಗಡಿಯಲ್ಲೇ ಮೈದಾದಿಂದ ಕಾಸಿ, ಹುಳ ಬಾರದಿರಲಿ ಎಂದು ಚಿಟಿಕೆ ಮೈಲುತುತ್ತು ಸೇರಿಸುತ್ತಾರೆ. ಕಂದು ಕ್ಯಾಲಿಕೋ ಹೊದಿಕೆಯ ಈ ಪುಸ್ತಕವು ಈಗ ಯಾವ ಪುಟದಲ್ಲಿ ತೆರೆದರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಅತ್ತೆ ಬೆರಳಿಟ್ಟು ಓದಿ ಓದಿ ಕಪ್ಪಾಗಿರುವ ಪುಟಗಳು ಕಷ್ಟದ ಹೆರಿಗೆಗಳಿಗೆ ಸಂಬಂಧಪಟ್ಟವು. ಆ ಕಲೆಗಳನ್ನು ತೊಳೆಯಲು ಹೋಗದೆ ಹಾಗೆಯೇ ಉಳಿಸಿದ್ದಕ್ಕೂ ನಾನು ಕೃತಜ್ಞಳು.

ದೋಷವಿರುವುದು ಆಯೋಗದ ವರದಿಯಲ್ಲಿ. 1952ರಲ್ಲಿ ಕೇಂದ್ರ ಸರಕಾರವು ಪ್ರೌಢಶಿಕ್ಷಣದ ಪರಿಶೀಲನೆಗಾಗಿ ನೇಮಿಸಿದ ಆಯೋಗಕ್ಕೆ ಮುದಲಿಯಾರರೇ ಅಧ್ಯಕ್ಷರು. ಮರುವರ್ಷ ಬಂದ ಅದರ ವರದಿಯು ವಿವಿಧೋದ್ದೇಶ ಪ್ರೌಢಶಾಲೆಗಳನ್ನು ತೆರೆಯಬೇಕೆಂದೂ, ಪ್ರತಿ ವಿದ್ಯಾರ್ಥಿಯೂ ಒಂದು ಕೈಕಸುಬನ್ನು ಕಲಿಯಬೇಕೆಂದೂ, ಸಾರ್ವಜನಿಕ ಪರೀಕ್ಷೆಗಳ ಸಂಖ್ಯೆಯನ್ನು ತಗ್ಗಿಸಿ ಶಾಲೆಯಲ್ಲಿ ವರ್ಷವಿಡೀ ಇಟ್ಟ ದಾಖಲೆಗೂ ಬೆಲೆ ಕೊಡಬೇಕೆಂದೂ ಶಿಫಾರಸು ಮಾಡಿತು. ಪ್ರೌಢಶಾಲಾ ಅಧ್ಯಾಪಕರಾಗಿದ್ದ ತಂದೆಯವರು ಪರೀಕ್ಷೆಗಳ ಅಧ್ಯಾಯದ ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದಿದ್ದರು. ಹೊಲಿಗೆ ಮುಗಿದ ಬಳಿಕ ಅಂಚು ಸಮವಾಗಲೆಂದು ಕಟ್ಟಿಂಗ್ ಯಂತ್ರಕ್ಕೆ ಕೊಟ್ಟಾಗ ಆ ಟಿಪ್ಪಣಿಗಳ ಕೊನೆಯ ಅಕ್ಷರಗಳು ಕತ್ತರಿಸಿಹೋದವು. "ನಮ್ಮ ತರಗತಿಯಲ್ಲಿ ಐವತ್ತೆಂಟು ಮಂದಿ, ಇಷ್ಟು ದಾಖಲೆ ಇಡುವುದು ಹೇ" ಎಂಬಲ್ಲಿಗೆ ಒಂದು ಸಾಲು ನಿಂತಿದೆ. ಉಳಿದದ್ದನ್ನು ಊಹಿಸಬಹುದು ನಿಜ, ಆದರೆ ಆ ಅಕ್ಷರಗಳು ಮರಳಿ ಬರಲಾರವು. ಮಾಲೀಕರು ತಪ್ಪನ್ನು ಒಪ್ಪಿಕೊಂಡು ಈ ಕೆಲಸಕ್ಕೆ ಹಣ ಪಡೆಯಲಿಲ್ಲ. ಕತ್ತರಿಸುವ ಮುನ್ನ ಅಂಚಿನಲ್ಲಿ ಬರಹವಿದೆಯೇ ಎಂದು ಪುಟ ತಿರುವಿ ನೋಡುವ ಪದ್ಧತಿಯನ್ನು ಅವರು ಖಂಡಿತ ಬೆಳೆಸಿಕೊಳ್ಳಬೇಕು.

ಇನ್ನು ನಿಘಂಟು. ನನ್ನ ದೃಷ್ಟಿಯಲ್ಲಿ ಇದೇ ಆ ಕಪಾಟಿನ ಅತ್ಯಮೂಲ್ಯ ವಸ್ತು. ತುಳುವಿನ ಮೊದಲ ದೊಡ್ಡ ನಿಘಂಟನ್ನು ರೆವರೆಂಡ್ ಮ್ಯಾನರ್ 1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟು ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಪ್ರಕಟವಾದದ್ದು 1988ರಿಂದ 1997ರ ನಡುವೆ. ಈ ಎರಡರ ನಡುವಿನ ಒಂದು ಶತಮಾನದ ಅಂತರದಲ್ಲಿ ಎಂ. ಮರಿಯಪ್ಪ ಭಟ್ಟ ಮತ್ತು ಎ. ಶಂಕರ ಕೆದಿಲಾಯ ಅವರು ಸಿದ್ಧಪಡಿಸಿದ ತುಳು-ಇಂಗ್ಲಿಷ್ ನಿಘಂಟು ನಿಂತಿದೆ, ಮತ್ತು ಅದನ್ನು ಪ್ರಕಟಿಸಿದ್ದು ಮದ್ರಾಸು ವಿಶ್ವವಿದ್ಯಾನಿಲಯ. ಇಸವಿಯನ್ನು ಗಮನಿಸಬೇಕು: 1967. ತುಳುನಾಡು ಮದ್ರಾಸಿನ ಕೈಬಿಟ್ಟು ಹನ್ನೊಂದು ವರ್ಷಗಳಾಗಿದ್ದವು. ತನ್ನ ವ್ಯಾಪ್ತಿಯಲ್ಲಿಲ್ಲದ ಜಿಲ್ಲೆಯೊಂದರ ಭಾಷೆಗಾಗಿ ಆ ವಿಶ್ವವಿದ್ಯಾನಿಲಯವು ಕನ್ನಡ ಪ್ರಾಧ್ಯಾಪಕರನ್ನೂ ಕಾಗದವನ್ನೂ ಹಣವನ್ನೂ ಒದಗಿಸಿತು. ಅಷ್ಟೇ ಅಲ್ಲ, 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾದ ಕಿಟೆಲ್ ಕನ್ನಡ ನಿಘಂಟನ್ನು ಅದೇ ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ನಾಲ್ಕು ಸಂಪುಟಗಳೂ 1968ರಿಂದ 1971ರ ಅವಧಿಯಲ್ಲಿ ಅಲ್ಲಿಂದಲೇ ಹೊರಬಂದವು.

ಈ ನಿಘಂಟುಗಳ ಒಂದು ಪದವನ್ನೂ ಮುದಲಿಯಾರರು ಬರೆದಿಲ್ಲ, ಶ್ರೇಯಸ್ಸು ಸಂಪಾದಕರದ್ದೇ. ಆದರೆ ನಿಘಂಟಿನಂಥ ಕೆಲಸವು ಚೀಟಿ ಬರೆಯುವುದರಿಂದ ಆರಂಭಿಸಿ ಅಚ್ಚಿನ ಕರಡು ತಿದ್ದುವವರೆಗೆ ವರ್ಷಗಟ್ಟಲೆ ನಡೆಯುವಂಥದ್ದು, ಆ ಅವಧಿಯಲ್ಲಿ ಮೇಲಿನ ಕುರ್ಚಿಯಲ್ಲಿ ಕುಳಿತವರು ಬದಲಾದಾಗಲೆಲ್ಲ ಇದರ ಅಗತ್ಯವೇನೆಂದು ಹೊಸಬರಿಗೆ ಮತ್ತೆ ಮೊದಲಿನಿಂದ ವಿವರಿಸಬೇಕಾಗುತ್ತದೆ. ಇಪ್ಪತ್ತೇಳು ವರ್ಷಗಳ ಕಾಲ ಒಬ್ಬರೇ ಇದ್ದುದರಿಂದ ಆ ವಿಶ್ವವಿದ್ಯಾನಿಲಯದ ನಿಧಾನದ ಕೆಲಸಗಳಿಗೆ ನೆರಳು ಸಿಕ್ಕಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. 2000ನೇ ಇಸವಿಯ ಅಧಿನಿಯಮದಂತೆ ಕರ್ನಾಟಕದ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಕುಲಪತಿಯ ಅವಧಿ ನಾಲ್ಕು ವರ್ಷ. ಮೊದಲ ವರ್ಷ ಪರಿಚಯಕ್ಕೆ, ಕೊನೆಯ ವರ್ಷ ಬೀಳ್ಕೊಡುಗೆಗೆ ಹೋದರೆ, ನಡುವಿನ ಎರಡು ವರ್ಷಗಳಲ್ಲಿ ನಿಘಂಟಿನ ಒಂದು ಅಕ್ಷರವೂ ಮುಗಿಯಲಾರದು.

ಹಾಗೆಂದು ದೀರ್ಘಾವಧಿಯ ಎಲ್ಲವನ್ನೂ ಹೊಗಳಲಾರೆ. ಕುಲಪತಿ ಸ್ಥಾನದಿಂದ ಇಳಿಯುವಾಗ ಅವರು ಎಂಬತ್ತು ದಾಟಿದ್ದರು; ಅಷ್ಟರೊಳಗೆ ಆ ಸ್ಥಾನಕ್ಕೆ ಯೋಗ್ಯರಾಗಿದ್ದ ಎರಡು ತಲೆಮಾರಿನ ವಿದ್ವಾಂಸರು ನಿವೃತ್ತರಾಗಿಬಿಟ್ಟಿರಬೇಕು. ಅದೇ ವರ್ಷಗಳಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕಾರಿ ಮಂಡಳಿಯ ಅಧ್ಯಕ್ಷತೆಯನ್ನೂ, 1961ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವ ಆರೋಗ್ಯ ಸಮ್ಮೇಳನದ ಅಧ್ಯಕ್ಷತೆಯನ್ನೂ, ದೇಶದ ಆರೋಗ್ಯ ವ್ಯವಸ್ಥೆಯ ಸಮೀಕ್ಷಾ ಸಮಿತಿಯ ನೇತೃತ್ವವನ್ನೂ ಹೊತ್ತಿದ್ದರು. ಇಷ್ಟೆಲ್ಲ ಹೊರೆಯ ನಡುವೆ ಕರಾವಳಿಯ ಮೂಲೆಯ ಜಿಲ್ಲೆಯೊಂದರ ಬೇಡಿಕೆಗಳು ಎಷ್ಟು ಹಿಂದೆ ಉಳಿದವು ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಎಂ.ಎ. ಓದಬೇಕೆಂಬ ಆಸೆಯಿದ್ದ ತಂದೆಯವರು ಮದ್ರಾಸಿನವರೆಗೆ ಹೋಗಿ ಉಳಿಯುವ ಖರ್ಚು ಭರಿಸಲಾಗದೆ ಅಧ್ಯಾಪಕ ವೃತ್ತಿಗೆ ಸೇರಿದರು. ಮಂಗಳೂರಿನ ಪಕ್ಕದ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದದ್ದು 1968ರಲ್ಲಿ, ಅದೂ ಮೈಸೂರು ವಿಶ್ವವಿದ್ಯಾನಿಲಯದಿಂದ. ಅದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಗಿ, ಇತಿಹಾಸಕಾರ ಪ್ರೊ. ಬಿ. ಶೇಖ್ ಅಲಿ ಅದರ ಮೊದಲ ಕುಲಪತಿಯಾದರು. ಆ ವೇಳೆಗೆ ತಂದೆಯವರಿಗೆ ಐವತ್ತು ದಾಟಿತ್ತು.

ನಿಘಂಟಿನ ಕೆಲಸವನ್ನು ಅಂಗಡಿಯವರು ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದಾರೆ. ಹಳೆಯ ಹೊದಿಕೆಯನ್ನು ಎಸೆಯದೆ, ಅದರ ಬೆನ್ನಿನ ಮುದ್ರಿತ ಭಾಗವನ್ನು ಬಿಡಿಸಿ ಹೊಸ ಬಟ್ಟೆಯ ಮೇಲೆ ಕೂರಿಸಿದ್ದಾರೆ. ಮಾಲೀಕರು ಕೆಲಸದ ನಡುವೆ ತಮ್ಮ ಮನೆಯ ಮಾತುಗಳು ಇದರಲ್ಲಿವೆಯೇ ಎಂದು ಹುಡುಕಿ ನೋಡಿದರಂತೆ. ಸಿಕ್ಕಿದ ಕಡೆಗಳಲ್ಲೆಲ್ಲ ಕಾಗದದ ತುಂಡುಗಳನ್ನಿಟ್ಟು ನನಗೆ ತೋರಿಸಿದರು. ಹನ್ನೊಂದು ತುಂಡುಗಳಿದ್ದವು. ಅವುಗಳನ್ನು ನಾನು ತೆಗೆದಿಲ್ಲ.

ನಿಘಂಟಿಗೆ 600, ಪಠ್ಯಪುಸ್ತಕಕ್ಕೆ 650, ಪ್ರಮಾಣಪತ್ರಕ್ಕೆ 250, ಹೀಗೆ ಒಟ್ಟು 1,500 ರೂಪಾಯಿ ಕೊಟ್ಟೆ. ಕೈಹೊಲಿಗೆಗೆ ಇದು ನ್ಯಾಯವಾದ ದರ. ಹತ್ತು ದಿನವೆಂದು ಹೇಳಿ ಇಪ್ಪತ್ತನಾಲ್ಕು ದಿನ ತೆಗೆದುಕೊಂಡರು. ಮಳೆಗಾಲದಲ್ಲಿ ಮೈದಾ ಅಂಟು ಒಣಗುವುದಿಲ್ಲವೆಂಬ ಕಾರಣ ನಿಜವಾದುದೇ, ಆದುದರಿಂದ ಹಳೆಯ ಪುಸ್ತಕವುಳ್ಳವರು ದೀಪಾವಳಿ ಕಳೆದ ಮೇಲೆ ಕೊಡುವುದು ಉತ್ತಮ. ರಸೀದಿ ಕೊಡುವ ಕ್ರಮವಿಲ್ಲ. ಒಪ್ಪಿಸಿದ ಪುಸ್ತಕಗಳ ಪಟ್ಟಿಯನ್ನು ನಾವೇ ಬರೆದಿಟ್ಟುಕೊಳ್ಳಬೇಕು. ಕಿಟೆಲ್ ನಿಘಂಟಿನ ಪರಿಷ್ಕೃತ ಸಂಪುಟಗಳಲ್ಲಿ ಮೂರನೆಯದರ ಬೆನ್ನು ನಮ್ಮ ಮನೆಯಲ್ಲಿ ಸಡಿಲವಾಗಿದೆ. ಅದರ ಅಂಚಿನಲ್ಲಿಯೂ ತಂದೆಯವರ ಪೆನ್ಸಿಲ್ ಬರಹವಿದೆ. ಈ ಡಿಸೆಂಬರಿನಲ್ಲಿ ಅದನ್ನು ಅದೇ ಅಂಗಡಿಗೆ ಒಯ್ಯುವವಳಿದ್ದೇನೆ, ಅಂಚು ಕತ್ತರಿಸಬಾರದೆಂದು ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಮೊದಲ ಪುಟಕ್ಕೇ ಸಿಕ್ಕಿಸಿ.