ಸೆಕೆಂಡ್ ಹ್ಯಾಂಡ್ ಆರ್‌ಸಿ (ರಿಮೋಟ್) ಹೆಲಿಕಾಪ್ಟರ್ ತಗೊಳ್ಳೋರು ಬಾಲ ಚೆಕ್ ಮಾಡದೆ ಹಾರಿಸ್ಬೇಡಿ

ಕಾಲಿಗೆ 5 ಹೊಲಿಗೆ ಹಾಕಿಸ್ಕೊಂಡು ಮನೇಲಿ ಕೂತಿದೀನಿ, ತೋಟಕ್ಕೆ ಹೋಗಂಗಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ನಮ್ದು ಸೋಮವಾರಪೇಟೆ ಹತ್ರ. ಒಂದು ವರ್ಷದಿಂದ ಸಣ್ಣ ಕೋಆಕ್ಸಿಯಲ್ ಹೆಲಿಕಾಪ್ಟರ್, ಅದೇ ಮೇಲೊಂದು ಕೆಳಗೊಂದು ರೆಕ್ಕೆ ಇರೋದು, ಹಾಲಲ್ಲೇ ಹಾರಿಸ್ತಿದ್ದೆ. ಸ್ಟಿಕ್ ಬಿಟ್ರೂ ಅದ್ರ ಪಾಡಿಗೆ ಅದು ನಿಂತಿರುತ್ತೆ, ಅದನ್ನ ನೋಡಿ ನಂಗೆ ಹಾರಿಸಕ್ಕೆ ಬರುತ್ತೆ ಅಂದ್ಕೊಂಡೆ. ಆಮೇಲೆ ಆನ್‌ಲೈನಲ್ಲಿ ಒಬ್ಬರ ಹತ್ರ 450 ಸೈಜಿಂದು (ರೆಕ್ಕೆ ಸುತ್ತು ಎರಡಡಿ ಮೇಲೆ ಅಗಲ), ಕಲೆಕ್ಟಿವ್ ಪಿಚ್ಚು, ಅಂದ್ರೆ ರೆಕ್ಕೆಯ ಕೋನ ಬದಲಾಯಿಸಿ ಏರಿಳಿಯೋದು, ಸೆಕೆಂಡ್ ಹ್ಯಾಂಡ್ 14 ಸಾವಿರಕ್ಕೆ ತಗೊಂಡೆ. ಮಾರಿದೋರು ಫೋನಲ್ಲಿ ಹೇಳಿದ್ದು ಇಷ್ಟೇ, "ಎಲ್ಲಾ ಸೆಟ್ ಮಾಡಿದೀನಿ ಬ್ರದರ್, ಬ್ಯಾಟರಿ ಹಾಕಿ ಹಾರಿಸಿ, ಫ್ಯಾನ್ ಸ್ಪೀಡ್ ಬಂದ್ಮೇಲೆ ಈ ಐಡಲ್ ಅಪ್ ಸ್ವಿಚ್ ಹಾಕ್ಕೊಳ್ಳಿ, ಸ್ಟೇಬಲ್ ಆಗಿರುತ್ತೆ."

ಮಾರ್ಚ್ ಕೊನೆ, ಕಾಫಿ ಎಲ್ಲಾ ಮೂಟೆ ಕಟ್ಟಿ ಆಗಿತ್ತು, ಹೂ ಮಳೆನೂ ಬಿದ್ದಿತ್ತು, ಕಣ ಖಾಲಿ. ಸಿಮೆಂಟ್ ಕಣ ಸಮ ಇದೆ, ಕಲಿಯಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ ಅಂತ ಅಲ್ಲೇ ಇಟ್ಟೆ. ದೊಡ್ಡಪ್ಪ ಜಗಲಿ ಮೇಲೆ ಕಾಫಿ ಲೋಟ ಹಿಡ್ಕೊಂಡು ಕೂತಿದ್ರು. ನಾನು ನಿಂತಿದ್ದು ಹೆಲಿಕಾಪ್ಟರಿಂದ ನಾಲ್ಕು ಹೆಜ್ಜೆ ದೂರ, ಹೌದು ನಾಲ್ಕೇ ಹೆಜ್ಜೆ, ಬೈಯೋರು ಬೈರಿ.

ಹಾರಿಸೋ ಮುಂಚೆ ನಾನೂ ಚೆಕ್ ಮಾಡಿದ್ದೆ. ಮೂತಿ ಎಡ ಬಲ ತಿರುಗಿಸೋ ರಡ್ಡರ್ ಸ್ಟಿಕ್ ಬಲಕ್ಕೆ ಒತ್ತಿದ್ರೆ ಬಾಲದ ರೆಕ್ಕೆಯ ಕೋನ ಸರಿಯಾದ ಕಡೆಗೇ ತಿರುಗ್ತಿತ್ತು, ಎಡಕ್ಕೆ ಒತ್ತಿದ್ರೂ ಸರಿ ಇತ್ತು. ಮೋಸ ಹೋಗಿದ್ದೇ ಇಲ್ಲಿ. ಬಾಲಕ್ಕೆ ಎರಡು ಕಡೆಯಿಂದ ಆರ್ಡರ್ ಹೋಗುತ್ತೆ, ಒಂದು ನಮ್ಮ ಸ್ಟಿಕ್ಕಿಂದ, ಇನ್ನೊಂದು ಗೈರೋಯಿಂದ, ಅಂದ್ರೆ ಬಾಲ ತಾನಾಗೇ ತಿರುಗಿದ್ರೆ ತಿಳ್ಕೊಂಡು ತಡಿಯೋ ಸೆನ್ಸರಿಂದ. ಆ ಮಾರಿದ ಪುಣ್ಯಾತ್ಮ ಯಾವಾಗ್ಲೋ ಬೀಳಿಸಿ ಬಾಲದ ಸರ್ವೋ, ಅಂದ್ರೆ ಆ ರೆಕ್ಕೆಯ ಕೋನ ತಿರುಗಿಸೋ ಪುಟ್ಟ ಮೋಟರ್, ಬದಲಾಯಿಸಿದಾನೆ, ಹೊಸ ಸರ್ವೋ ಉಲ್ಟಾ ತಿರುಗಿದೆ, ಅದನ್ನ ರಿಮೋಟಲ್ಲಿ ರಿವರ್ಸ್ ಮಾಡಿ ಸ್ಟಿಕ್ ಸರಿ ಮಾಡ್ಕೊಂಡಿದಾನೆ, ಗೈರೋ ಮೇಲೆ ಬೇರೆ ರಿವರ್ಸ್ ಸ್ವಿಚ್ ಇರೋದನ್ನ ಮುಟ್ಟೇ ಇಲ್ಲ. ಅಂದ್ರೆ ಬಾಲ ಒಂಚೂರು ಎಡಕ್ಕೆ ಹೋದ್ರೆ ಗೈರೋ ಅದನ್ನ ತಡಿಯೋ ಬದ್ಲು ಇನ್ನೂ ಎಡಕ್ಕೇ ತಳ್ಳುತ್ತೆ.

ಐಡಲ್ ಅಪ್ ಹಾಕಿ ಸ್ಟಿಕ್ ಎತ್ತಿದೆ ನೋಡಿ, ಮೊಣಕಾಲೆತ್ತರ ಎದ್ದಿದ್ದೇ ತಡ ಬುಗುರಿ ತರ ಗಿರಗಿರ ತಿರುಗಕ್ಕೆ ಶುರು. ಗಾಬರಿಯಲ್ಲಿ ಸ್ಟಿಕ್ ಪೂರ್ತಿ ಕೆಳಗೆ ಎಳ್ದೆ. ಕೋಆಕ್ಸಿಯಲ್ಲಲ್ಲಿ ಹಂಗೆ ಮಾಡಿದ್ರೆ ಮೋಟರ್ ನಿಲ್ಲುತ್ತೆ, ಐಡಲ್ ಅಪ್ಪಲ್ಲಿ ನಿಲ್ಲಲ್ಲ! ಮೋಟರ್ ಅದೇ ಸ್ಪೀಡಲ್ಲಿ ಇರುತ್ತೆ, ರೆಕ್ಕೆ ಉಲ್ಟಾ ಕೋನಕ್ಕೆ ಮಗುಚಿ ಹೆಲಿಕಾಪ್ಟರನ್ನ ನೆಲಕ್ಕೆ ಒತ್ತುತ್ತೆ. ನಿಮಿಷಕ್ಕೆ 2500 ಸುತ್ತು ಅಂತ ಇಟ್ಕೊಂಡ್ರೂ ಆ ಸೈಜಿನ ರೆಕ್ಕೆ ತುದಿ ಗಂಟೆಗೆ 300 ಕಿಲೋಮೀಟರ್ ಮೇಲೆ ಹೋಗ್ತಿರುತ್ತೆ, ಅದು ಸಿಮೆಂಟಿಗೆ ಬಡಿದ್ರೆ ಏನಾಗುತ್ತೆ. ಒಂದು ತುಂಡು ನನ್ನ ಮೊಣಕಾಲ ಕೆಳಗೆ ಹೊಕ್ತು, ಒಂದು ದೊಡ್ಡಪ್ಪನ ತಲೆ ಮೇಲೆ ಹೆಂಚಿಗೆ ಟಣ್ ಅಂತು. ಮುರಿದ ರೆಕ್ಕೆ ಇಟ್ಕೊಂಡು ಮೋಟರ್ ಕಿರುಚ್ತಾನೇ ಇತ್ತು, ಮೋಟರ್ ನಿಲ್ಲಿಸೋ ಥ್ರಾಟಲ್ ಹೋಲ್ಡ್ ಸ್ವಿಚ್ ಯಾವುದು ಅಂತ ನಾನು ಹುಡುಕ್ತಾನೇ ಇದ್ದೆ.

ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಮೂಲೆ ಜಜ್ಜಿ ಹೋಗಿತ್ತು. ಅದನ್ನ ಬಿಚ್ಚಿ ಗೋಡೌನಿಗೆ ಇಡಕ್ಕೆ ಹೊರಟೆ, ಆರ್‌ಸಿ ಗಂಧಗಾಳಿ ಇಲ್ಲದ ದೊಡ್ಡಪ್ಪನೇ "ಅದನ್ನ ಮೂಟೆ ಹತ್ರ ಇಡ್ಬೇಡ ಮಾರಾಯ, ಹೊರಗೆ ಬಿಸಾಕು" ಅಂದ್ರು. ಕಣದ ಮಧ್ಯ ಮರಳಿನ ಬಕೆಟಲ್ಲಿ ಇಟ್ವಿ, ಬೆಳಿಗ್ಗೆ ನೋಡಿದ್ರೆ ಪೂರಿ ತರ ಉಬ್ಬಿತ್ತು. ಜಜ್ಜಿದ ಲೈಪೋಗೆ ಯಾವಾಗ ಬೇಕಾದ್ರೂ ಬೆಂಕಿ ಹತ್ತಬಹುದು, ಅದನ್ನ ಮತ್ತೆ ಚಾರ್ಜಿಗಂತೂ ಹಾಕ್ಲೇಬೇಡಿ.

ತಗೊಂಡೋರು ಮೊದಲು ಮೋಟರ್ ತಿರುಗದ ಹಾಗೆ ಅದರ ಮೂರು ವೈರಲ್ಲಿ ಎರಡು ಬಿಚ್ಚಿ. ಆಮೇಲೆ ಬ್ಯಾಟರಿ ಹಾಕಿ, ರಡ್ಡರ್ ಬಲಕ್ಕೆ ಒತ್ತಿ, ಬಾಲದ ಸ್ಲೈಡರ್, ಅಂದ್ರೆ ಅತ್ತಿತ್ತ ಜಾರಿ ಬಾಲದ ರೆಕ್ಕೆಯ ಕೋನ ಬದಲಾಯಿಸೋ ಭಾಗ, ಯಾವ ಕಡೆ ಹೋಯ್ತು ನೋಡ್ಕೊಳ್ಳಿ. ಸ್ಟಿಕ್ ಬಿಟ್ಟು ಹೆಲಿಕಾಪ್ಟರ್ ಮೂತಿಯನ್ನ ಕೈಯಲ್ಲೇ ಎಡಕ್ಕೆ ಜಗ್ ಅಂತ ತಿರುಗಿಸಿ, ಸ್ಲೈಡರ್ ಮೊದಲು ಸ್ಟಿಕ್ ಒತ್ತಿದಾಗ ಹೋದ ಕಡೆಗೇ ಹೋಗ್ಬೇಕು. ಉಲ್ಟಾ ಹೋದ್ರೆ ಗೈರೋ ರಿವರ್ಸ್ ಮಾಡಿ. ಎರಡು ನಿಮಿಷದ ಕೆಲಸ. ಥ್ರಾಟಲ್ ಹೋಲ್ಡ್ ಕಣ್ಣು ಮುಚ್ಚಿ ಬೆರಳಿಗೆ ಸಿಗೋ ತನಕ ಹೊರಗೆ ತರ್ಲೇಬೇಡಿ, ಐಡಲ್ ಅಪ್ ಕಡೆ ಹೊಸಬರು ಹೋಗ್ಲೇಬೇಡಿ. ನಾನಂತೂ ಈ ಮಳೆಗಾಲ ಪೂರ್ತಿ ಸಿಮ್ಯುಲೇಟರಲ್ಲೇ, ಹೆಂಗಿದ್ರೂ ಜೂನಿಂದ ಇಲ್ಲಿ ಹೊರಗೆ ಏನೂ ಹಾರಲ್ಲ.

ಮಾರಿದೋರಿಗೆ ಫೋನ್ ಮಾಡಿದೆ, "ನನ್ನ ಹತ್ರ ಚೆನ್ನಾಗೇ ಹಾರ್ತಿತ್ತು" ಅಂದು ಇಟ್ಬಿಟ್ರು. ರೆಕ್ಕೆಯ ಒಂದು ತುಂಡು ಇನ್ನೂ ಸಿಕ್ಕಿಲ್ಲ, ಸಿಲ್ವರ್ ಮರದ ಮೆಣಸಿನ ಬಳ್ಳಿಲಿ ಎಲ್ಲೋ ಸಿಕ್ಕಾಕ್ಕೊಂಡಿರ್ಬೇಕು, ಬರೋ ವರ್ಷ ಕೊಯ್ಯುವಾಗ ಸಿಗುತ್ತೆ ಬಿಡು ಅಂತಾರೆ ದೊಡ್ಡಪ್ಪ.