ಮಂಡಿಪೇಟೆಯ ಗ್ರಂಧಿಗೆ ಅಂಗಡಿ: ಈಶ್ವರಿ ಬೇರು ಕೊಡಲಿಲ್ಲ, ಅದಕ್ಕೇ ಪೂರ್ತಿ ಅಂಕ

ದಾವಣಗೆರೆಯಲ್ಲಿ ಬೇರು, ತೊಗಟೆ, ಕಷಾಯದ ಸಾಮಾನು ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಕೇಳಿದರೆ ನಾನು ಮಂಡಿಪೇಟೆಯ ಈ ಗ್ರಂಧಿಗೆ ಅಂಗಡಿಯನ್ನೇ ಹೇಳುತ್ತೇನೆ. ಬೋರ್ಡು ಮಾಸಿದೆ, ಬಾಗಿಲು ಸಣ್ಣದು. ಒಳಗೆ ಕಾಲಿಟ್ಟರೆ ಬಜೆ, ಹಿಪ್ಪಲಿ, ಲೋಬಾನದ ವಾಸನೆ ಒಟ್ಟಿಗೇ ಬರುತ್ತದೆ. ಪೂಜೆ ಸಾಮಾನು, ಬಾಣಂತಿ ಮದ್ದಿನ ಸಾಮಾನು, ಮಕ್ಕಳಿಗೆ ತೇಯುವ ಮಾಚಿಕಾಯಿ ಎಲ್ಲ ಇದೆ. ನಾನು ಫಾರ್ಮಸಿ ಪಾಠ ಮಾಡುವವಳು, ಹಾಗಾಗಿ ಏನು ಕೊಂಡರೂ ಮುರಿದು, ಮೂಸಿ ನೋಡುತ್ತೇನೆ. ಇಲ್ಲಿನ ಜ್ಯೇಷ್ಠಮಧುವಿನ ಕಡ್ಡಿ ಮುರಿದರೆ ಒಳಗೆ ಹಳದಿ ಬಣ್ಣ, ಜಗಿದರೆ ಒಳ್ಳೆ ಸಿಹಿ. ಅಳಲೆಕಾಯಿಗೆ ಹುಳ ಬಿದ್ದಿರುವುದಿಲ್ಲ.

ಆದರೆ ಈ ವಿಮರ್ಶೆ ಬರೆಯಲು ಕಾರಣ ಅವರು ಮಾರದೇ ಇದ್ದ ಸಾಮಾನು.

ಮೊನ್ನೆ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಅವರದು ಜಗಳೂರು ಕಡೆ. ಮಂಡಿನೋವಿಗೆ ಕಷಾಯ ಮಾಡಿ ಕುಡಿಯಿರಿ ಎಂದು ಊರಿನವರೊಬ್ಬರು ಚೀಟಿ ಬರೆದುಕೊಟ್ಟಿದ್ದರು. ಅಮೃತಬಳ್ಳಿ, ಶುಂಠಿ, ಹಿಪ್ಪಲಿ, ಜ್ಯೇಷ್ಠಮಧು, ಕೊನೆಯಲ್ಲಿ ಈಶ್ವರಿ ಬೇರು. ಯಜಮಾನರು ಒಂದೊಂದೇ ತೂಗಿ ಪೊಟ್ಟಣ ಕಟ್ಟುತ್ತಾ ಬಂದರು. ಕೊನೆಯದನ್ನು ಓದಿ ತಲೆ ಎತ್ತಿದರು.

“ಅಮ್ಮಾ, ಈ ಬೇರು ಹಚ್ಚೋಕಾ, ಕುಡಿಯೋಕಾ?”

“ಕುಡಿಯೋಕೇ ಅಪ್ಪಾ, ದಿನಾ ಬೆಳಿಗ್ಗೆ.”

“ಹಂಗಾದ್ರೆ ಕೊಡಲ್ಲಮ್ಮ, ಬೇಜಾರು ಮಾಡ್ಕೋಬೇಡಿ. ಕಿಡ್ನಿಗೆ ಬಹಳ ಕೆಟ್ಟದ್ದು ಅದು. ಉಳಿದಿದ್ದು ತಗೊಂಡು ಹೋಗಿ.”

ಅತ್ತೆಗೆ ಸಿಟ್ಟು ಬಂತು. “ನಮ್ಮಜ್ಜಿ ಕಾಲದಲ್ಲಿ ಹಾವು ಕಚ್ಚಿದ್ರೂ ಇದನ್ನೇ ಅರೆದು ಕೊಡ್ತಿದ್ರು” ಎಂದರು. ಯಜಮಾನರು ವಾದಕ್ಕೆ ಇಳಿಯಲಿಲ್ಲ, ಕೊಡಲೂ ಇಲ್ಲ. ಅವರು ಹೇಳಿದ್ದು ಒಂದೇ ಮಾತು. ಅದರ ಹಿಂದಿನ ಕಥೆಯನ್ನು ಮನೆಗೆ ಬರುವಾಗ ಆಟೋದಲ್ಲಿ ನಾನು ಅತ್ತೆಗೆ ಹೇಳಿದೆ. ಇಲ್ಲೂ ಹೇಳುತ್ತೇನೆ.

ಈಶ್ವರಿ ಬಳ್ಳಿ ಮತ್ತು ಅದರ ಜಾತಿಯ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷ ಇರುತ್ತದೆ. ಜರ್ಮನಿಯಲ್ಲಿ ಹಿಂದೆ ಇದು ಸೇರಿದ ಔಷಧಿಗಳೇ ಮಾರಾಟದಲ್ಲಿದ್ದವು. 1982ರಲ್ಲಿ ಅಲ್ಲಿನ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಪ್ರಯೋಗದ ವರದಿ ಬಂತು. ಮೂರು ತಿಂಗಳು ಬಾಯಿಯ ಮೂಲಕ ಕೊಟ್ಟಿದ್ದರು. ಒಂದು ಗುಂಪಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 10 ಮಿಲಿಗ್ರಾಂ, ಇನ್ನೊಂದಕ್ಕೆ 1, ಮತ್ತೊಂದಕ್ಕೆ ಬರೀ 0.1. ಜಾಸ್ತಿ ಕೊಟ್ಟ ಇಲಿಗಳಿಗೆ ಮೂರು ತಿಂಗಳಿಗೇ ಜಠರದ ಮುಂಭಾಗದಲ್ಲಿ ಕ್ಯಾನ್ಸರ್ ಕಂಡಿತು. ಕಡಿಮೆ ಕೊಟ್ಟವುಗಳಿಗೂ, ಕೊಡುವುದನ್ನು ನಿಲ್ಲಿಸಿ ತಿಂಗಳುಗಳು ಕಳೆದ ಮೇಲೆ ಗಡ್ಡೆ ಬಂತು. ಕೆಲವಕ್ಕೆ ಮೂತ್ರಪಿಂಡ, ಮೂತ್ರಕೋಶದಲ್ಲೂ ಗಡ್ಡೆ ಇತ್ತು.

“ಇಲಿಗೆ ಬಂದರೆ ಮನುಷ್ಯರಿಗೂ ಬರಬೇಕಾ?” ನನ್ನ ತರಗತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಒಳ್ಳೆಯ ಪ್ರಶ್ನೆಯೇ. ಇಲಿಯ ಜಠರಕ್ಕೆ ಇರುವ ಆ ಮುಂಭಾಗ ನಮಗೆ ಇಲ್ಲವೇ ಇಲ್ಲ. ಆದರೆ ಈ ವಿಷದ ವಿಷಯದಲ್ಲಿ ಉತ್ತರ ಮನುಷ್ಯರಿಂದಲೇ ಬಂತು. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಕ್ಲಿನಿಕ್ ಒಂದರ ಮಾತ್ರೆಗಳಲ್ಲಿ ಒಂದು ಚೀನೀ ಬೇರಿನ ಬದಲು ಈ ಜಾತಿಯ ಬೇರಿನ ಪುಡಿ ಸೇರಿಬಿಟ್ಟಿತ್ತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು, ಬಹುಪಾಲು ಹೆಂಗಸರು. ಮುಂದೆ ಕ್ಯಾನ್ಸರ್ ಬರಬಹುದೆಂಬ ಭಯಕ್ಕೆ, ಪೂರ್ತಿ ಕೆಟ್ಟಿದ್ದ ಕಿಡ್ನಿಗಳನ್ನು ತೆಗೆಸಿಕೊಂಡವರನ್ನು ಪರೀಕ್ಷೆ ಮಾಡಿದರು. 2000ದಲ್ಲಿ ಬಂದ ವರದಿಯ ಪ್ರಕಾರ 39 ಜನರಲ್ಲಿ 18 ಜನರ ಮೂತ್ರಮಾರ್ಗದಲ್ಲಿ ಆಗಲೇ ಕ್ಯಾನ್ಸರ್ ಇತ್ತು. ಪಾಪ, ಸ್ವಲ್ಪ ತೆಳ್ಳಗಾಗಬೇಕು ಎಂದು ಹೋದವರು ಅವರು.

ಇದು ಕೆಲಸ ಮಾಡುವ ರೀತಿಯೂ ಭಯ ಹುಟ್ಟಿಸುತ್ತದೆ. ಹೊಟ್ಟೆಗೆ ಹೋದ ಆಮ್ಲವನ್ನು ನಮ್ಮ ದೇಹದ ಕಿಣ್ವಗಳೇ ಬದಲಾಯಿಸುತ್ತವೆ. ಬದಲಾದ ಅಣು ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಅದರಲ್ಲೂ ‘ಎ’ ಎಂದು ಕರೆಯುವ ಅಕ್ಷರಕ್ಕೆ. ಜೀವಕೋಶ ನಕಲು ತೆಗೆಯುವಾಗ ಅಲ್ಲಿ ‘ಎ’ ಹೋಗಿ ‘ಟಿ’ ಬರುತ್ತದೆ. ಇಲಿಗಳ ಗಡ್ಡೆಯಲ್ಲೂ ಇದೇ ತಪ್ಪು, ರೋಗಿಗಳ ಗಡ್ಡೆಯಲ್ಲೂ ಇದೇ ತಪ್ಪು. ಅಂಟಿಕೊಂಡಿದ್ದು ಬೇಗ ಬಿಡುವುದೂ ಇಲ್ಲ. ಮಾತ್ರೆ ನಿಲ್ಲಿಸಿ ವರ್ಷಗಳಾದ ಮೇಲೂ ಕಿಡ್ನಿಯಲ್ಲಿ ಅದರ ಗುರುತು ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮೊದಲನೇ ಗುಂಪಿಗೆ ಹಾಕಿದೆ. ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂದಾದ ವಸ್ತುಗಳ ಗುಂಪು ಅದು.

ಕುದಿಸಿದರೆ ವಿಷ ಹೋಗಲ್ವಾ ಎಂದು ಅತ್ತೆ ಕೇಳಿದರು. ಪೂರ್ತಿ ಹೋಗುವುದಿಲ್ಲ. ಯುರೋಪಿನ ಬಾಲ್ಕನ್ ಹಳ್ಳಿಗಳಲ್ಲಿ ಗೋಧಿ ಹೊಲದಲ್ಲಿ ಇದರ ಜಾತಿಯ ಕಳೆ ಬೆಳೆಯುತ್ತಿತ್ತು. ಬೀಜ ಗೋಧಿಯ ಜೊತೆ ಸೇರಿ ಹಿಟ್ಟಾಗಿ, ಒಲೆಯಲ್ಲಿ ಬೆಂದು ರೊಟ್ಟಿಯಾದ ಮೇಲೂ ತಲೆಮಾರುಗಳ ಕಾಲ ಜನರ ಕಿಡ್ನಿ ತಿಂದಿತು. ಹಾವು ಕಚ್ಚಿದರೆ ಮಾತ್ರ ದಯವಿಟ್ಟು ಯಾವ ಬೇರನ್ನೂ ಹುಡುಕಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ. ಹಾವಿನ ವಿಷಕ್ಕೆ ಮದ್ದು ಅಲ್ಲಿ ಕೊಡುವ ಇಂಜೆಕ್ಷನ್ನೇ. ಹಾಗೆಂದು ಹೊಲದ ಬೇಲಿಯಲ್ಲಿ ಈಶ್ವರಿ ಬಳ್ಳಿ ಕಂಡರೆ ಕಿತ್ತು ಹಾಕಲೂ ಬೇಡಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳಗಳು ಇಂಥ ಬಳ್ಳಿಗಳ ಎಲೆ ತಿಂದೇ ಬೆಳೆಯುತ್ತವೆ.

ಅಂಗಡಿಯ ವಿಷಯಕ್ಕೆ ಬರೋಣ. ಇದೇ ಊರಿನ ಇನ್ನೊಂದು ಕಡೆ ಮಂಡಿನೋವಿನ ಚೂರ್ಣ ಕೇಳಿದ್ದೆ. ಒಳಗೆ ಏನೇನಿದೆ ಎಂದರೆ “ಎಲ್ಲಾ ಗಿಡಮೂಲಿಕೆ, ಏನೂ ಆಗಲ್ಲ” ಎಂದರು. ಪೊಟ್ಟಣದ ಮೇಲೆ ಒಂದಕ್ಷರ ಇರಲಿಲ್ಲ. ಬ್ರಸೆಲ್ಸ್‌ನಲ್ಲಿ ಆದದ್ದೂ ಪುಡಿಯಿಂದಲೇ ಅಲ್ವಾ? ಪುಡಿಯಾದ ಮೇಲೆ ಯಾವ ಬೇರು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮಂಡಿಪೇಟೆಯ ಯಜಮಾನರು ಇಡೀ ಬೇರನ್ನೇ ತೋರಿಸಿ, ಹೆಸರು ಹೇಳಿ ಕೊಡುತ್ತಾರೆ. ಬೇಕಿದ್ದರೆ ನಿಮ್ಮ ಎದುರೇ ಕುಟ್ಟಿಸುತ್ತಾರೆ.

ಕೊರತೆಯೂ ಇದೆ. ಕೇಳದಿದ್ದರೆ ಬಿಲ್ ಕೊಡುವುದಿಲ್ಲ. ಮುಂದಿನ ಸಾಲಿನ ಚೀಲಗಳ ಬಾಯಿ ತೆರೆದೇ ಇರುತ್ತದೆ, ರಸ್ತೆಯ ಧೂಳೆಲ್ಲ ಅದಕ್ಕೆ. ಈಶ್ವರಿ ಬೇರಿನ ಡಬ್ಬಿ ಮಾತ್ರ ಬೇರೆ ಸಾಮಾನಿನ ಪಕ್ಕದಲ್ಲೇ ಇದೆ. ಅದನ್ನು ದೂರ ಇಟ್ಟು, ಮೇಲೆ ಕೆಂಪು ಚೀಟಿ ಅಂಟಿಸಿ ಎಂದು ಕೇಳಿಕೊಂಡಿದ್ದೇನೆ. ಯಜಮಾನರು ಇಲ್ಲದಾಗ ಗಲ್ಲಾದಲ್ಲಿ ಕೂರುವ ಹುಡುಗನಿಗೆ ಇಷ್ಟೆಲ್ಲ ಗೊತ್ತಿಲ್ಲ. ಹಾಗಾಗಿ ಬೆಳಿಗ್ಗೆ ಹೋಗಿ, ಆಗ ಅವರೇ ಇರುತ್ತಾರೆ.